ಅಭಿಪ್ರಾಯ ಅಲ್ಲ ಕಣೇ

ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದೆ. "ಅಕ್ಕಾ, ಏನು ಬೇಕಾದ್ರೂ ಮಾತಾಡು, ಆದ್ರೆ 'ಆಕ್ಷೇಪಣೆ' ಅನ್ನೋ ಪದ ನಿನ್ನ ಬಾಯಿಂದ ಬರ್ಲೇಬೇಕು." ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೂಂಗುಟ್ಟಿದಳು. ಆ ಹೂಂ ಎಷ್ಟರದು ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು.

ನಾನು ದರ ನಿಗದಿ ಮಂಡಳಿಯ ಬರಹಗಾರ್ತಿ. ನೀರಿನ ದರವೋ ಕರೆಂಟಿನ ದರವೋ ಏರಿಸಬೇಕೆಂದು ಕಂಪನಿ ಕೇಳಿದಾಗ, ಮಂಡಳಿ ಜನರನ್ನು ಕರೆದು ವಿಚಾರಿಸುತ್ತದೆ. ಅವರು ಆಡಿದ್ದನ್ನು ಆಡಿದ ಹಾಗೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಅಲ್ಲೊಂದು ಹಾಳು ನಿಯಮವಿದೆ. ಆಕ್ಷೇಪಣೆ ಎಂದು ಬಾಯಿಬಿಟ್ಟು ಹೇಳಿದರೆ ಮಂಡಳಿ ಉತ್ತರ ಕೊಡಲೇಬೇಕು. ಇಲ್ಲವಾದರೆ ಅದು ಬರೀ ಅಭಿಪ್ರಾಯ, ನೇರ ಕಪಾಟಿಗೆ.

ಈ ಸಲ ಕಂಪನಿ ಕೇಳಿದ್ದು, ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟವರಿಗೆಲ್ಲ ಅಂಗಡಿಯ ದರ ಹಾಕುವುದಕ್ಕೆ. ಹಾಗಾದರೆ ಅಕ್ಕ ಯಂತ್ರಕ್ಕೆ ಮುಸುಕು ಹೊದಿಸಿ ಸುಮ್ಮನೆ ಕೂರಬೇಕು. ಅದರ ಮುಂದೆ ಬೆನ್ನು ಬಗ್ಗಿಸಿಯೇ ನನ್ನನ್ನು ಓದಿಸಿದವಳು.

ಸಂಬಂಧಿಕರು ಮಾತಾಡಲು ಬಂದರೆ ನಾನು ಎದ್ದು ಸಹೋದ್ಯೋಗಿಗೆ ಪೆನ್ನು ಕೊಡಬೇಕು. ಕೊಡಲಿಲ್ಲ. ಆ ಮಹಾನುಭಾವ ಕೇಳಿದ್ದರಲ್ಲಿ ಅರ್ಧ ಬರೆಯುತ್ತಾನೆ, ಬರೆದದ್ದರಲ್ಲಿ ಅರ್ಧ ತಪ್ಪು.

ಅಕ್ಕನಿಗೆ ಸಿಕ್ಕಿದ್ದು ಮೂರೇ ನಿಮಿಷ.

"ಸ್ವಾಮಿ, ಹರಿದ ಅಂಗಿಗೆ ತೇಪೆ ಹಾಕಿದ್ರೆ ಮನೆ ಅಂಗಡಿಯಾಗುತ್ತಾ? ನನ್ನ ಅಂಗಡಿ ಬಾಗಿಲು ತೆಗೆದ್ರೆ ಒಲೆ ಕಾಣುತ್ತೆ, ಹಾಸಿಗೆ ಕಾಣುತ್ತೆ. ಗಿರಾಕಿ ಒಳಗೆ ಬಂದ್ರೆ ನಾನು ಹೊರಗೆ ನಿಲ್ಬೇಕು!"

ಸಭೆ ನಕ್ಕಿತು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪದ ಎಲ್ಲೇ ಅಕ್ಕಾ? ಗಡಿಯಾರ ನೋಡಿದೆ, ಅವಳ ಬಾಯಿ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ಕಂಪನಿಯವರ ನೀರಿಳಿಸಿದಳು. ಆ ಒಂದು ಪದ ಬಿಟ್ಟು ಲೋಕದ ಪದಗಳೆಲ್ಲ ಬಂದವು. ಗಂಟೆ ಹೊಡೆಯಿತು.

ಇನ್ನು ಓದಿ ಹೇಳುವುದಷ್ಟೇ ಬಾಕಿ. ಬೇಕೆಂದೇ ತಲೆಬರಹದಿಂದ ಶುರುಮಾಡಿದೆ, ಒತ್ತಿ ಒತ್ತಿ. "ಹೊಲಿಗೆಯವರ ಅ-ಭಿ-ಪ್ರಾ-ಯ."

"ಅಭಿಪ್ರಾಯ ಅಲ್ಲ ಕಣೇ, ಆಕ್ಷೇಪಣೆ!" ಅಕ್ಕ ಸಿಡಿದಳು.

ಅಬ್ಬಾ, ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಕಂಪನಿಯ ವಕೀಲ ಎದ್ದ.

"ಅಧ್ಯಕ್ಷರೇ, ಮಂಡಳಿಯ ಬರಹಗಾರ್ತಿಗೆ 'ಕಣೇ' ಅಂತಿದ್ದಾರೆ. ಇವರಿಬ್ಬರಿಗೂ ಏನು ಸಂಬಂಧ?"

ಅಕ್ಕ ನನ್ನನ್ನೇ ನೋಡಿದಳು. ಮಾಡಿಟ್ಟ ಎಡವಟ್ಟು ಅವಳಿಗೆ ಆಗ ಹೊಳೆಯಿತು.

"ಸಂಬಂಧ ಎಲ್ಲಿಂದ ಬಂತು? ಇವಳು ನನಗೆ ಯಾರೂ ಅಲ್ಲ. ಬರ್ಕೊಳಮ್ಮ."

ಬರೆದೆ, ಆಡಿದ್ದನ್ನು ಆಡಿದ ಹಾಗೇ. ಅದನ್ನೂ ಓದಿ ಹೇಳಬೇಕಲ್ಲ! ಸುಳ್ಳು ನಾಳೆ ಹೊರಬಿದ್ದರೆ ನನ್ನ ಕೆಲಸದ ಮನೆ ಹಾಳಾಗಲಿ, ಅವಳ ಆಕ್ಷೇಪಣೆಯೇ ರದ್ದಾಗುತ್ತದೆ. "ಇವಳು ನನಗೆ" ಅನ್ನುವವರೆಗೆ ಓದಿದೆ. ಪೆನ್ನು ಕೆಳಗಿಟ್ಟೆ.

"ಅಕ್ಕ," ಎಂದೆ. "ಅಧ್ಯಕ್ಷರೇ, ಇವರು ನನ್ನ ಒಡಹುಟ್ಟಿದ ಅಕ್ಕ. ಮುಚ್ಚಿಟ್ಟಿದ್ದು ನನ್ನದೇ ತಪ್ಪು."

ಅಧ್ಯಕ್ಷರು ಕನ್ನಡಕ ತೆಗೆದರು. "ಪೆನ್ನು ನಿಮ್ಮ ಸಹೋದ್ಯೋಗಿಗೆ ಕೊಟ್ಟು ಹೊರಗಿರಿ. ನಾಳೆ ಲಿಖಿತವಾಗಿ ಉತ್ತರ ಕೊಡಿ. ನೀವು ಇನ್ನೊಂದ್ಸಲ ಹೇಳಿ ಅಮ್ಮ, ಚಿಕ್ಕದಾಗಿ."

ನಾನು ಎದ್ದೆ. "ಮಂಕೇ," ಅಂದಳು ಅಕ್ಕ, ನನಗಷ್ಟೇ ಕೇಳುವಂತೆ. ಆಮೇಲೆ ಸಹೋದ್ಯೋಗಿಯ ಕಡೆ ತಿರುಗಿ ಬೆರಳು ಎತ್ತಿದಳು.

"ಆಕ್ಷೇಪಣೆ ಅಂತ ದೊಡ್ಡಕ್ಷರದಲ್ಲಿ ಬರ್ಕೊಳಪ್ಪ. ಒಂದು, ಅಂಗಡಿ ದರಕ್ಕೆ. ಎರಡು, ನನ್ನ ತಂಗೀನ ಕುರ್ಚಿಯಿಂದ ಎಬ್ಬಿಸಿದ್ದಕ್ಕೆ."

ಯಾರೂ ನಗಲಿಲ್ಲ. ನಾನು ಬಾಗಿಲು ದಾಟುವಾಗ ಅವನು ಓದಿ ಹೇಳುತ್ತಿದ್ದ. ಜನ್ಮದಲ್ಲಿ ಮೊದಲ ಸಲ ಒಂದಕ್ಷರವನ್ನೂ ಬಿಟ್ಟಿರಲಿಲ್ಲ.