ಹತ್ತನೆಯ ಹೆಸರು

ಬೀದರದ ನೌಬಾದದಲ್ಲಿದ್ದ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗಕ್ಕೆ ಈ ವರ್ಷ ಒಂಬತ್ತು ಮಕ್ಕಳು ಸೇರಿದ್ದರು. ಹತ್ತಾಗದಿದ್ದರೆ ವಿಭಾಗ ಮುಚ್ಚಿ, ಇರುವ ಮಕ್ಕಳನ್ನು ಬೇರೆ ಕಾಲೇಜಿಗೆ ಕಳಿಸುತ್ತೇವೆ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ಶನಿವಾರ ಸಂಜೆ ಐದಕ್ಕೆ ಗಡುವು. ಅಂದು ಬೆಳಿಗ್ಗೆಯೇ ನಾಗಸೇನ ಹತ್ತನೆಯ ಹೆಸರಿಗಾಗಿ ಭಾಲ್ಕಿಯ ಬಸ್ಸು ಹತ್ತಿದ. ಅವನು ಹದಿನೇಳು ವರ್ಷದಿಂದ ಅಲ್ಲಿ ಅತಿಥಿ ಉಪನ್ಯಾಸಕ. ವರ್ಷ ವರ್ಷವೂ ಹೊಸ ಆದೇಶ ಬಂದರೆ ಕೆಲಸ, ಬಾರದಿದ್ದರೆ ಇಲ್ಲ.

ಭಾಲ್ಕಿ ಅವನಿಗೆ ಹೊಸ ಊರಲ್ಲ. ಔರಾದ ತಾಲ್ಲೂಕಿನ ಎಕಂಬಾದಿಂದ ಓದಿ ಬಂದವನು ಮೊದಲು ಇಲ್ಲಿಯೇ ಒಂದು ಸಣ್ಣ ಪತ್ರಿಕೆಯ ವರದಿಗಾರನಾಗಿದ್ದ. ಸುದ್ದಿ ಬರೆದು, ಲಕೋಟೆಯಲ್ಲಿಟ್ಟು, ಬೀದರ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಒಮ್ಮೆ ಬಸ್ಸು ಹೊರಡುವ ಅವಸರದಲ್ಲಿ, ಯಾರೋ ಹೇಳಿದ್ದನ್ನೇ ನಂಬಿ, ಅಪಘಾತದಲ್ಲಿ ಗಾಯಗೊಂಡ ಹುಡುಗನನ್ನು ಸತ್ತನೆಂದು ಬರೆದ. ಮರುದಿನ ಆ ಹುಡುಗನ ತಾಯಿ ಪತ್ರಿಕೆ ಹಿಡಿದು ಬಂದಳು. ಬೈಯಲಿಲ್ಲ.

"ನಮ್ಮ ಮನಿ ಇಲ್ಲೇ ಇತ್ತಲ್ಲೋ ತಮ್ಮಾ. ಒಂದ್ಸಲ ಬಂದು ಕೇಳಬಾರದಿತ್ತಾ?"

ಆ ಮಾತೇ ಅವನನ್ನು ಪಾಠದ ಕೋಣೆಗೆ ತಂದಿತು. ದೊಡ್ಡ ಪತ್ರಿಕೆಯೊಂದು ಕಲಬುರಗಿಗೆ ಕರೆದಾಗಲೂ ಹೋಗಲಿಲ್ಲ. ಮೊದಲ ಸುದ್ದಿ ಬರೆದು ತರುವ ಮಕ್ಕಳ ಮುಖ ನೋಡದೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಪ್ರತಿ ವರ್ಷ ಮೊದಲ ದಿನ ಅವನು ಹೇಳುತ್ತಿದ್ದದ್ದು ಒಂದೇ: "ಮನಿ ತನಕ ಹೋಗಿ ಕೇಳ್ರಿ."

ಭಾಲ್ಕಿಯಲ್ಲಿ ಇಳಿದು ಅವನು ನೇರ ಬಾಬುಮಿಯಾರ ಮನೆಗೆ ಹೋದ. ಅವರು ತೊಗರಿ ಮಾರಾಟದ ಅಡತಿ ಅಂಗಡಿಯಲ್ಲಿ ತೂಕ ಮಾಡುವವರು. ಮಗಳು ತರನ್ನುಮಳಿಗೆ ಸುದ್ದಿ ಬರೆಯುವ ಹುಚ್ಚು. ಅರ್ಜಿ ತುಂಬಿಟ್ಟಿದ್ದಳು, ತಂದೆಯ ಸಹಿಯೊಂದು ಬಾಕಿ. ತಾಯಿ ಅನ್ವರಿ ಬೇಗಂ ಹಿಟ್ಟಿನ ಕೈ ಒರೆಸಿಕೊಂಡು ಚಹಾ ತಂದಿಟ್ಟರು.

"ಪೋರಿ ನಿಮ್ಮ ಹೆಸರೇ ಜಪಾ ಮಾಡ್ತಾಳ್ರಿ ಸರ್," ಬಾಬುಮಿಯಾ ನಕ್ಕರು. "ಇಕಿ ಸುದ್ದಿ ಹೇಳಾಕ ಬಾಯಿ ತೆರದ್ರ ನಾವು ಟಿವಿ ಬಂದ್ ಮಾಡ್ತೇವ್ರಿ."

"ಅಬ್ಬಾ!" ತರನ್ನುಮ ತಂದೆಯನ್ನು ತಡೆದು ನಾಚಿದಳು.

"ಒಂದ ಮಾತ ಕೇಳ್ತೇನಿ, ನಾರಾಜ ಆಗಬ್ಯಾಡ್ರಿ. ಮೂರು ವರ್ಷ ನೀವ ಇರ್ತೀರೇನ್ರಿ?" ಎಂದರು ಬಾಬುಮಿಯಾ.

ಹೂಂ ಅಂದರೆ ಸಾಕಿತ್ತು. ಪೆನ್ನು ಬಾಬುಮಿಯಾರ ಕೈಯಲ್ಲೇ ಇತ್ತು. ಹೂಂ ಅನ್ನಿ ಎಂದು ತರನ್ನುಮ ಕಣ್ಣಿನಲ್ಲೇ ಬೇಡುತ್ತಿದ್ದಳು. ನಾಗಸೇನ ಚಹಾದ ಲೋಟ ಕೆಳಗಿಟ್ಟ.

"ಗೊತ್ತಿಲ್ರಿ. ಈ ಒಂದು ವರ್ಷದ್ದೂ ಹೇಳಾಕ ಆಗಲ್ರಿ."

ಬಾಬುಮಿಯಾ ಪೆನ್ನಿಗೆ ಮುಚ್ಚಳ ಹಾಕಿದರು. "ಖರೇ ಹೇಳಿದ್ರಿ, ಶುಕ್ರಿಯಾ. ಆದ್ರ ನಾ ತೂಕದ ಮನುಷ್ಯಾ, ಸರ್. ಅಂದಾಜಿನ ಮ್ಯಾಲ ಮಗಳನ್ನ ಹ್ಯಾಂಗ ಕಳಸ್ಲಿ? ಇಲ್ಲೇ ಬಿ.ಕಾಂ. ಓದ್ಲಿ ಬಿಡ್ರಿ."

ತರನ್ನುಮ ಒಳಗೆ ಹೋದಳು. ಆರಿಹೋದ ಚಹಾವನ್ನು ಅನ್ವರಿ ಬೇಗಂ ಮತ್ತೆ ಬಿಸಿ ಮಾಡಿ ತಂದರು. ಅದನ್ನು ಕುಡಿಯದೆ ಏಳಲು ಅವನಿಗೆ ಆಗಲಿಲ್ಲ.

ಸೋಮವಾರ ವಿಭಾಗ ಮುಚ್ಚುವ ನೋಟೀಸು ಬಂತು. ಭಾಲ್ಕಿಯಲ್ಲಿ ನಡೆದದ್ದನ್ನು ನಾಗಸೇನ ಮಕ್ಕಳಿಂದ ಮುಚ್ಚಿಡಲಿಲ್ಲ. ಅವರು ವಾರಕ್ಕೊಮ್ಮೆ ಕೈಯಿಂದ ಬರೆದು ವರಾಂಡದಲ್ಲಿ ಅಂಟಿಸುವ ಗೋಡೆ ಪತ್ರಿಕೆಗೆ ಕೊನೆಯ ವರ್ಷದ ಆಯೆಶಾ ಈ ಸುದ್ದಿ ಬರೆದು ತಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಅವನು ಕೆಂಪು ಪೆನ್ನು ತೆಗೆದ.

"'ಅಯ್ಯೋ' ಯಾಕವ್ವಾ ಇಲ್ಲಿ? 'ಅನ್ಯಾಯ' ಅಂತ ಯಾರು ಅಂದ್ರು?"

"ನಿಮ್ಮದೇ ಸುದ್ದಿ ಅದ ಸರ್! ಇದಕ್ಕೂ ಗೀಟು ಹೊಡೀತೀರಲ್ಲ!"

"ಇದಕ್ಕಂತೂ ಹೊಡೀಲೇಬೇಕು."

ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು. ಭಾಲ್ಕಿಯ ಪಾಲಕರೊಬ್ಬರು ಸಹಿ ನಿರಾಕರಿಸಿದ್ದರಿಂದ ವಿಭಾಗ ಮುಚ್ಚಿತು ಎಂದು ಬರೆದಿದ್ದಳು.

"ಬಾಬುಮಿಯಾ ಏನಂದ್ರು?"

"ನೀವ ಹೇಳಿದ್ರಲ್ಲ ಸರ್."

"ಅದು ನನ್ನ ಕಡೀದು. ಅವರ ಕಡೀದು ಎಲ್ಲದ?"

ಆಯೆಶಾ ನೋಟ್‌ಬುಕ್ಕು ಚೀಲಕ್ಕೆ ತುರುಕಿದಳು. "ಹನ್ನೆರಡರ ಬಸ್ಸಿಗೆ ಹೋಗಿ ಬರ್ತೇನಿ ಸರ್. ಮನಿ ತನಕ."

ಅವಳ ಸುದ್ದಿಯ ಕೊನೆಗೆ ಬಾಬುಮಿಯಾರ ಮಾತಿಗೆಂದು ಮೂರು ಬೆರಳಷ್ಟು ಜಾಗ ಬಿಟ್ಟು, ಉಳಿದದ್ದನ್ನು ಅವನು ಗೋಡೆಗೆ ಅಂಟಿಸಿದ. ಹಿಂದೆ ಜವಾನ ಖಾಜಾ ಮಿಯಾ ಕೆಮ್ಮಿದ.

"ಸಾಬ್, ಆಫೀಸಿನ್ಯಾಗ ನಿಮ್ಮ ವಿಭಾಗದ ಕೋಣಿ ಕೀಲಿ ಕೇಳ್ಯಾರ್ರಿ."

"ನಾಳಿ ಕೊಡ್ತೇನಿ. ಇನ್ನೂ ಒಬ್ಬರ ಮಾತು ಬರೋದದ."

ಖಾಜಾ ಮಿಯಾ ಆ ಖಾಲಿ ಜಾಗವನ್ನೇ ನೋಡಿದ. "ಆಯ್ತ್ರಿ. ಕೀಲಿ ಸಿಗಲಿಲ್ಲ ಅಂತ ಹೇಳ್ತೇನಿ."

"ಬ್ಯಾಡ ಖಾಜಾ ಭಾಯಿ," ಅಂದ ನಾಗಸೇನ. "ನಾ ಕೊಡಲಿಲ್ಲ ಅಂತ ಹೇಳ್ರಿ."