ನೊರೆ ಇಲ್ಲದ ಬೆಳಿಗ್ಗೆ

ಕ್ಷೌರಿಕನ ಮಗಳು ಗುಬ್ಬಿಗೆ ಇನ್ನೂ ಮೂರು ತುಂಬಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಳ್ಳುವ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ದಿನವಿಡೀ ವಟವಟ ಎನ್ನುವ ಹುಡುಗಿ ಅಪ್ಪನ ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಕಂಡೊಡನೆ ತುಟಿಗೆ ಬೀಗ ಜಡಿದುಬಿಡುತ್ತಿದ್ದಳು. ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ.

ಅವಳಮ್ಮ ಬಸ್ ಓಡಿಸುವವಳು. ಬೆಳಕು ಹರಿಯುವ ಮುಂಚೆಯೇ ಡಿಪೋ ಸೇರಬೇಕಾದ್ದರಿಂದ ಈ ಕಾಳಗ ಅಪ್ಪನ ಪಾಲಿಗೆ ಬಂದಿತ್ತು. ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುವ ಹಾಗೂ ಇರಲಿಲ್ಲ. ಮಗುವಿನ ಮುಂದಿನ ಹಲ್ಲಿನ ಮೇಲೆ ಕಂದು ಚುಕ್ಕೆಯೊಂದು ಕಾಣಿಸಿಕೊಂಡಿತ್ತು, ದಿನಾ ಉಜ್ಜದಿದ್ದರೆ ಹುಳುಕು ಒಳಗಿಳಿಯುತ್ತದೆ ಎಂದು ಹಲ್ಲಿನ ಡಾಕ್ಟರಮ್ಮ ಹೆದರಿಸಿ ಕಳಿಸಿದ್ದರು. ಮಕ್ಕಳ ಪೇಸ್ಟನ್ನೇ ತನ್ನಿ, ಅದೂ ಅಕ್ಕಿಕಾಳಿನಷ್ಟು ಸಾಕು ಎಂದೂ ಹೇಳಿದ್ದರಂತೆ. ಹೆಂಡತಿ ಮನೆಗೆ ಬಂದು ಅದನ್ನು ಒಪ್ಪಿಸಿದಾಗ ಅವನು ನಕ್ಕುಬಿಟ್ಟಿದ್ದ.

"ಅಕ್ಕಿಕಾಳಿನಷ್ಟಾ? ನೊರೆ ಇಲ್ದೆ ಏನ್ ಕೆಲಸ ಆಗುತ್ತೆ ಕಣೇ? ನೊರೆ ಕಮ್ಮಿಯಾದ್ರೆ ಕತ್ತಿ ಚರ್ಮಾನೇ ಕೀಳುತ್ತೆ. ನನ್ನ ಕಸುಬು ನಂಗೆ ಗೊತ್ತಿಲ್ವಾ?"

"ಅದು ಗಡ್ಡ ಕಣ್ರೀ, ಇದು ಹಲ್ಲು!"

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ನೊರೆ ಹೆಚ್ಚಿದಷ್ಟೂ ಕೈ ಹಗುರ, ಮುಖ ಮೆತ್ತಗೆ ಎನ್ನುವುದು ಅವನು ಇಡೀ ಆಯಸ್ಸು ದುಡಿದು ಕಲಿತ ಪಾಠ. ಮಗಳಿಗೆ ನೋವಾಗಬಾರದಲ್ಲ ಎಂದು ದೊಡ್ಡವರ ಪೇಸ್ಟನ್ನೇ ಆ ಪುಟಾಣಿ ಬ್ರಷ್ಷಿನ ಮೇಲೆ ಧಾರಾಳವಾಗಿ ಮೆತ್ತುತ್ತಿದ್ದ. ಆಮೇಲೆ ಅವಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಗದ್ದ ಹಿಡಿದು, ಉಜ್ಜಿಯೇ ಉಜ್ಜುತ್ತಿದ್ದ.

"ಉರಿ! ಅಪ್ಪಾ, ಉರಿ!" ಎಂದು ಅವಳು ಕೈಕಾಲು ಬಡಿಯುತ್ತಿದ್ದಳು. ಆದರೆ ಗುಬ್ಬಿಗೆ ಸ್ನಾನದ ನೀರೂ ಉರಿ, ಸ್ವೆಟರೂ ಉರಿ, ಬೇಡವಾದದ್ದೆಲ್ಲ ಉರಿಯೇ. ಅದಕ್ಕೆ ಯಾರು ಸೊಪ್ಪು ಹಾಕುತ್ತಾರೆ?

ಬರಬರುತ್ತಾ ಅವಳು ಅಪ್ಪನಿಂದಲೇ ದೂರ ಸರಿದಳು. ಮೊದಲೆಲ್ಲ ಅವನ ಚಪ್ಪಲಿಯ ಸದ್ದಿಗೆ ಬಾಗಿಲಿಗೆ ಓಡಿಬರುತ್ತಿದ್ದವಳು ಈಗ ಕಪಾಟಿನ ಸಂದಿಯಲ್ಲಿ ಅಡಗುತ್ತಿದ್ದಳು. ಎತ್ತಿಕೊಳ್ಳಲು ಹೋದರೆ ಮೈ ಸೆಟೆಸುತ್ತಿದ್ದಳು. ಅವನಿಗೆ ಅಂಗಡಿಯಲ್ಲೂ ಅದೇ ಚಿಂತೆ. ಬೀದಿಯವರೆಲ್ಲ ಕತ್ತಿ ಹಿಡಿದ ತನ್ನ ಕೈಗೆ ಕತ್ತು ಒಪ್ಪಿಸಿ ಗೊರಕೆ ಹೊಡೆಯುತ್ತಾರೆ, ಹೆತ್ತ ಮಗಳು ಮಾತ್ರ ಬ್ರಷ್ ಹಿಡಿದ ಕೈಗೆ ನಡುಗುತ್ತಾಳೆ. ಹಲ್ಲು ಉಳಿಸಲು ಹೋಗಿ ಮಗಳನ್ನೇ ಕಳೆದುಕೊಳ್ಳುತ್ತಿದ್ದೇನೆ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಪೇಸ್ಟು ಮುಗಿದುಹೋಗಿತ್ತು. ಟ್ಯೂಬನ್ನು ಸುರುಳಿ ಸುತ್ತಿದ, ಬಾಚಣಿಗೆಯಿಂದ ಒತ್ತಿದ, ಕೊನೆಗೆ ಕತ್ತರಿಯಿಂದ ಸೀಳಿಯೂ ನೋಡಿದ. ಬ್ರಷ್ಷಿನ ತುದಿಗೆ ಅಂಟಿದ್ದು ಅಷ್ಟೋ ಇಷ್ಟೋ. ಇವತ್ತು ಬರೀ ಶಾಸ್ತ್ರಕ್ಕೆ ಎಂದುಕೊಂಡು ಮಗಳನ್ನು ಕೂರಿಸಿಕೊಂಡ. ಅವಳು ಎಂದಿನಂತೆ ಕಣ್ಣು ಬಿಗಿಮುಚ್ಚಿ ಅಳಲು ಸಜ್ಜಾದಳು. ಬ್ರಷ್ ಹೇಗೋ ತುಟಿಯೊಳಗೆ ತೂರಿತು. ಅಳು ಬರಲಿಲ್ಲ. ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಬಾಯಿ ಇನ್ನಷ್ಟು ಅಗಲವಾಯಿತು.

"ಉರಿ ಇಲ್ಲ," ಎಂದಳು ಗುಬ್ಬಿ ಆಶ್ಚರ್ಯದಿಂದ.

ಅವನ ಕೈ ನಿಂತುಹೋಯಿತು. ಹಾಗಾದರೆ ಇಷ್ಟು ದಿನ ಮಗು ನಿಜವನ್ನೇ ಹೇಳುತ್ತಿತ್ತು! ನಿಧಾನವಾಗಿ ಒಂದೊಂದೇ ಹಲ್ಲು ಉಜ್ಜಿದ. ಚುಕ್ಕೆಯನ್ನು ಅವನು ಸರಿಯಾಗಿ ನೋಡಿ ಎಷ್ಟೋ ದಿನವಾಗಿತ್ತು. ಅದು ಮೊದಲಿದ್ದಷ್ಟೇ ಇತ್ತು, ಬೆಳೆದಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಮಧ್ಯಾಹ್ನ ಅದೇ ಪೇಸ್ಟಿನ ಹೊಸ ಟ್ಯೂಬು ತಂದು ಅಂಗಡಿಯಲ್ಲೇ ನಾಲಿಗೆ ತುಂಬ ಹಿಂಡಿಕೊಂಡು ಬಾಯಿ ಮುಚ್ಚಿದ. ಬಾಯೆಲ್ಲ ಉರಿದು ಕಣ್ಣಲ್ಲಿ ದಳದಳ ನೀರು ಸುರಿಯಿತು. ಅರ್ಧ ಗಡ್ಡ ಬೋಳಿಸಿಕೊಂಡು ಕುರ್ಚಿಯಲ್ಲಿದ್ದ ಪೋಸ್ಟ್‌ಮನ್ ಗಾಬರಿಯಿಂದ ಎದ್ದು ಕೂತ. "ಏನಾಯ್ತಪ್ಪಾ, ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ ಸಾರ್. ನನ್ನ ಮಗಳು ಸಿಕ್ಕಿದ್ಲು," ಎಂದು ಅವನು ಉಗಿದು ಬಂದು ನಕ್ಕ.

ಸಂಜೆ ಮಕ್ಕಳ ಪೇಸ್ಟು ಹಿಡಿದು ಮನೆಗೆ ಹೋದ. ಹೆಂಡತಿ ಕಥೆ ಕೇಳಿ, "ಅಯ್ಯೋ ಮಾರಾಯ್ರೇ, ಬಾಯೊಳಗೂ ಕ್ಷೌರ ಮಾಡಕ್ಕೆ ಹೊರಟಿದ್ರಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೈಯುತ್ತಾಳೆ ಎಂದುಕೊಂಡಿದ್ದ ಅವನಿಗೆ ಅದೂ ಒಂದು ಸಮಾಧಾನವೇ.

ಊಟವಾದ ಮೇಲೆ ಬಚ್ಚಲಿನ ಹತ್ತಿರ ತನ್ನ ಬ್ರಷ್ಷನ್ನು ಗುಬ್ಬಿಯ ಕೈಗೇ ಕೊಟ್ಟು, ಅವಳ ಮುಂದೆ ಮಂಡಿಯೂರಿದ. "ಮೊದ್ಲು ನೀನು ನಂಗೆ ಉಜ್ಜು. ಆಮೇಲೆ ನಾನು ನಿಂಗೆ."

ಅವಳು ಅವನನ್ನು ತುಸು ಹೊತ್ತು ನೋಡಿದಳು. ಆಮೇಲೆ ಹತ್ತಿರ ಬಂದು ಪುಟ್ಟ ಕೈಯಿಂದ ಅವನ ಗದ್ದವನ್ನು ಬಿಗಿಯಾಗಿ ಹಿಡಿದಳು. "ಆ ಅನ್ನು!" ಎಂದು ಗದರಿದಳು. ಅವನು ಆ ಎಂದ. ಬ್ರಷ್ ಹಲ್ಲು ತಪ್ಪಿ ಒಸಡಿಗೆ ಚುಚ್ಚಿತು, ಅವನು ಮುಖ ಕಿವುಚಿದ.

ಗುಬ್ಬಿ ತಕ್ಷಣ ಕೈ ನಿಲ್ಲಿಸಿದಳು. "ನೋವಾಯ್ತಾ ಅಪ್ಪಾ?"

ತಾನು ಒಂದು ಸಲವೂ ಅವಳನ್ನು ಕೇಳದ ಮಾತು ಅದು. ಉತ್ತರ ಬರುವವರೆಗೂ ಅವಳು ಬ್ರಷ್ ಎತ್ತಿ ಹಿಡಿದು ಕಾದಳು.