ಮಡಿಲು ತುಂಬಿದ ಮೇಲೆ

ಮಾಗಡಿ ಹತ್ತಿರದ ತಿಪ್ಪಸಂದ್ರದಲ್ಲಿ ಬಸ್ಸಿಳಿದು ತವರುಮನೆಯ ಕಡೆ ನಡೆಯುವಾಗ ಭಾನುಪ್ರಿಯಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು. ಬೆಳಗಾಗುವ ಮೊದಲೇ ಗಂಡನ ಊರು ಹೊಂಗನೂರು ಬಿಟ್ಟು ಬಂದಿದ್ದು ತನ್ನ ಪಾಲನ್ನು ಅಣ್ಣನಿಗೆ ಬರೆದುಕೊಡಲು. ಅಪ್ಪ ಹುಚ್ಚಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ರಸ್ತೆ ಬದಿಯ ಹೊಲವನ್ನು ಲೇಔಟಿನವರಿಗೆ ಮಾರಲು ಅಣ್ಣ ಅಶೋಕ ಮಾತಾಡಿಕೊಂಡಿದ್ದ. ತಂಗಿಯ ಸಹಿಯೊಂದು ಬಾಕಿ. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಒಂದಿಷ್ಟು ಹಣ ತೆಗೆದುಕೊಂಡು ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡುವುದು ಆ ಕಡೆಯ ರೂಢಿ. ಬಿಟ್ಟುಕೊಟ್ಟವರಿಗೆ ತವರು ಉಳಿಯುತ್ತದೆ. ಪಾಲು ಕೇಳಿದವರಿಗೆ ಹೊಲ ಸಿಗಬಹುದು, ಬಾಗಿಲು ಮಾತ್ರ ಮತ್ತೆ ತೆರೆಯುವುದಿಲ್ಲ.

ಅದೇ ದಿನ ಇನ್ನೊಂದೂ ತೀರ್ಮಾನವಾಗಬೇಕಿತ್ತು. ಮಗಳು ನವ್ಯಶ್ರೀಗೆ ಬೆಂಗಳೂರಿನ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು. ಸಂಜೆ ಐದರೊಳಗೆ ಮೊದಲ ವರ್ಷದ ಫೀಸು ಕಟ್ಟಬೇಕು. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಅಷ್ಟು ಹೇಗೋ ಆಗುತ್ತಿತ್ತು. ಮುಂದಿನ ವರ್ಷಗಳಿಗೆ ಹೊಂಗನೂರಿನ ಮನೆಯಲ್ಲಿ ದಾರಿಯಿರಲಿಲ್ಲ. ಇದ್ದರೆ ತಿಪ್ಪಸಂದ್ರದ ಈ ಹೊಲ. ಇಲ್ಲದಿದ್ದರೆ ರಾಮನಗರದ ಸರ್ಕಾರಿ ಕಾಲೇಜು. ಅಲ್ಲಿಯೂ ಹೆಸರು ಬಂದಿತ್ತು, ದಿನಾ ಬಸ್ಸಿನಲ್ಲಿ ಹೋಗಿಬರಬಹುದಿತ್ತು.

ಹಿಂದಿನ ದಿನ ಗಂಡ ಬಾಲರಾಜು ಹುಳುಗಳಿಗೆ ಸೊಪ್ಪು ಹಾಕುತ್ತಲೇ, "ನಿನ್ ತವರು, ನಿನ್ ಪಾಲು. ನಾನು ಬಾಯಾಕುದ್ರೆ ನಾಳೆ ನಿಮ್ಮಣ್ಣ ನನ್ಮೇಲೆ ಹೇಳ್ತಾನೆ. ನೀನೇ ನೋಡು," ಎಂದಿದ್ದ. ಮಗಳನ್ನು ಕೇಳಿದರೆ, "ಯಾವ್ದಾದ್ರೂ ಸರಿ ಕಣಮ್ಮ," ಎಂದಳೇ ಹೊರತು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಭಾನುಪ್ರಿಯ ಆ ಮಾತನ್ನೇ ಹಿಡಿದುಕೊಂಡಳು. ಯಾವುದಾದರೂ ಸರಿಯೆಂದ ಮೇಲೆ ಸಹಿ ಹಾಕುವುದೇ ಸುಲಭ.

ಮನೆಯಲ್ಲಿ ಅತ್ತಿಗೆ ಶಾಲಿನಿ ಒಬ್ಬಟ್ಟು ಮಾಡಿದ್ದಳು. "ಏನ್ ಭಾನು, ಇಷ್ಟು ಒಣಗೋಗಿದೀಯ? ಹುಳಕ್ಕೆ ಹಾಕೋ ಸೊಪ್ಪಲ್ಲಿ ಒಸಿ ನೀನೂ ತಿನ್ನು," ಎಂದು ನಗಿಸಲು ನೋಡಿದಳು. ಭಾನುಪ್ರಿಯ ನಕ್ಕಳು. ನಗುವುದು ಕಷ್ಟವಾಗಲಿಲ್ಲ.

ಅಶೋಕ ಮಾಗಡಿಯ ನೋಂದಣಿ ಕಚೇರಿಯಲ್ಲಿ ಹನ್ನೆರಡೂವರೆಗೆ ಹೊತ್ತು ಗೊತ್ತುಮಾಡಿಸಿದ್ದ. "ಹತ್ನಿಮಿಷದ ಕೆಲ್ಸ. ಫೋಟೊ, ಹೆಬ್ಬೆಟ್ಟು, ಮುಗೀತು. ಆಮೇಲೆ ಕಾರಲ್ಲೇ ರಾಮನಗರದ ತಂಕ ಬುಡ್ತೀನಿ. ಮಗೀನ ಎಲ್ಲಿಗೆ ಸೇರುಸ್ತೀರ?"

"ರಾಮನಗರಕ್ಕೇ ಕಣಣ್ಣ." ಬಾಯಿಂದ ಬಂದ ಮೇಲೆಯೇ ತೀರ್ಮಾನವಾಗಿದೆಯೆಂದು ಅವಳಿಗೆ ತಿಳಿದದ್ದು. ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು.

"ಒಳ್ಳೇದೇ ಬುಡು. ಹೆಣ್ಮಗ, ಮನೆಯಿಂದ ಹೋಗ್ಬಂದ್ರೆ ನಿಶ್ಚಿಂತೆ."

ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದ ಅವ್ವ ದೊಡ್ಡಲಕ್ಷ್ಮಮ್ಮ ಮೊರ ನಿಲ್ಲಿಸಿದಳು. ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಶಾಲಿನಿ, ಹತ್ತೂವರೆಗೆ ರಾಹುಕಾಲ ಸುರುವಾಯ್ತದೆ. ಮೊದ್ಲು ಮಡ್ಲು ತುಂಬು."

ಶಾಲಿನಿ ಅವಸರದಲ್ಲಿ ಮಣೆ ಹಾಕಿದಳು. ಅರಿಶಿನ ಕುಂಕುಮ ಕೊಟ್ಟು, ಭಾನುಪ್ರಿಯ ಹಿಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆಯಡಿಕೆ, ರವಿಕೆ ಕಣ ಹಾಕಿದಳು. ಭಾನುಪ್ರಿಯ ಸೆರಗಿನ ತುದಿಗಳನ್ನು ಎರಡೂ ಕೈಯಲ್ಲಿ ಒಟ್ಟು ಹಿಡಿದು ಎದ್ದಳು. ಅಷ್ಟರಲ್ಲಿ ಅಶೋಕ ಕಾರಿನ ಬೀಗದಕೈ ತಿರುಗಿಸುತ್ತ ಬಂದ.

"ಎಲ್ಲಿಗ್ಲಾ?" ಎಂದಳು ಅವ್ವ.

"ಮಾಗಡಿಗೆ ಕಣವ್ವ. ಆಫೀಸ್ಗೆ."

"ಮಡ್ಲಕ್ಕಿ ಹೊತ್ತೋಳ್ನ ಆಫೀಸ್ ಮೆಟ್ಲು ಹತ್ತುಸ್ತೀಯೇನ್ಲಾ? ನಮ್ಮನೇಲಿ ಯಾವತ್ತಾದ್ರೂ ಹಂಗೆ ಆಗೈತಾ? ನೆಟ್ಟಗೆ ಗಂಡನ್ಮನೆಗೆ ಹೋಗಿ ದೇವ್ರ ಮುಂದೆ ಇಳಿಸ್ಬೇಕು."

ಆ ಮನೆಯ ಪದ್ಧತಿ ಅದೇ. ಅಶೋಕನಿಗೂ ಗೊತ್ತಿತ್ತು. ಅವನು ಹೆಂಡತಿಯತ್ತ ತಿರುಗಿದ. "ನಿಂಗೆ ಬುದ್ಧಿ ಬ್ಯಾಡ್ವಾ? ಸೈನ್ ಆದ್ಮೇಲೆ ತುಂಬೋದಲ್ವಾ?"

"ನಂಗ್ಯಾಕಂತೀರಾ? ನಿಮ್ಮವ್ವನೇ ಅಂದಿದ್ದು, ತುಂಬು ತುಂಬು ಅಂತ!"

"ಅಂದೆ. ರಾಹುಕಾಲದಲ್ಲಿ ತುಂಬಾಕಾಯ್ತದಾ?" ಅವ್ವ ಮತ್ತೆ ಮೊರ ಎತ್ತಿಕೊಂಡಳು.

ನಾಳೆ ಎರಡನೇ ಶನಿವಾರ, ಇನ್ನು ಸೋಮವಾರವೇ ಎಂದು ಅಶೋಕ ಗೊಣಗಿದ. ಬಸ್ಸಿನವರೆಗೆ ಅವ್ವ ಜೊತೆಗೆ ಬಂದಳು. ಬಸ್ಸು ಬಂದಾಗ ಹೇಳಿದಳು: "ಸೋಮವಾರದ ತಂಕ ಟೈಮೈತೆ. ನನ್ಕೈಲಿ ಆಗೋದು ಇಷ್ಟೇ ಕಣವ್ವ."

ಮಾಗಡಿ ದಾಟಿದ ಮೇಲೆ ಫೋನು ಬಡಿದುಕೊಂಡಿತು. ಭಾನುಪ್ರಿಯಳ ಎರಡೂ ಕೈ ಸೆರಗು ಹಿಡಿದಿದ್ದವು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಅವಳ ಬ್ಯಾಗಿನಿಂದ ಫೋನು ತೆಗೆದು ಕಿವಿಗೆ ಹಿಡಿದಳು.

"ಅಮ್ಮ, ಸೈನ್ ಆಯ್ತಾ?"

"ಇಲ್ಲ. ಮಡ್ಲಕ್ಕಿ ಕೈಲಿತ್ತು."

"ಏನು?" ನವ್ಯಶ್ರೀ ನಕ್ಕಳು. ಆಮೇಲೆ, "ರಾಮನಗರದ್ದೇ ಕನ್ಫರ್ಮ್ ಮಾಡ್ಬುಡ್ಲಾ? ಯಾವ್ದಾದ್ರೂ ಸರಿ ಕಣಮ್ಮ."

ಆ ದನಿ ಭಾನುಪ್ರಿಯಳಿಗೆ ಗುರುತು ಸಿಕ್ಕಿತು. ಅದು ತನ್ನದೇ ಹಳೆಯ ದನಿ. ಹತ್ತೊಂಬತ್ತು ತುಂಬಿದಾಗ ಅಪ್ಪ ಎರಡು ಗಂಡುಗಳ ಫೋಟೊ ತಂದು ಮುಂದಿಟ್ಟಿದ್ದ. ಅವಳಿಗೆ ಎರಡೂ ಬೇಡವಾಗಿತ್ತು, ಬಿ.ಎ. ಮುಗಿಸಬೇಕಿತ್ತು. ಯಾವುದಾದರೂ ಸರಿ ಅಂದಿದ್ದಳು. ಇನ್ನೊಂದು ಸಲ ಯಾರೂ ಕೇಳಲಿಲ್ಲ. ಬಾಲರಾಜು ಕೆಟ್ಟವನೇನಲ್ಲ.

"ಸರಿ ಅಂತ ಕೇಳ್ಲಿಲ್ಲ. ಯಾವ್ದು ಬೇಕು ಅದನ್ನ ಹೇಳು."

ಪಕ್ಕದ ಹುಡುಗಿ ಫೋನು ಕಟ್ಟಾಯಿತೇನೋ ಎಂದು ನೋಡಿ ಮತ್ತೆ ಹಿಡಿದಳು.

"ಬೆಂಗ್ಳೂರುದ್ದು," ಎಂದಳು ನವ್ಯಶ್ರೀ. "ಆದ್ರೆ ಅಮ್ಮ, ಮುಂದಿನ ವರ್ಷ..."

"ಅಪ್ಪಂಗೆ ಹೇಳಿ ಇವತ್ತಿಂದು ಕಟ್ಟು."

ಆಮೇಲೆ ಹುಡುಗಿಗೆ, "ಅಶೋಕಣ್ಣ ಅಂತ ಇರುತ್ತೆ, ಒಸಿ ಒತ್ತಮ್ಮ," ಎಂದಳು.

ಅಶೋಕ ಹಲೋ ಅಂದ ಕೂಡಲೇ ಹೇಳಿಬಿಟ್ಟಳು. ತಡೆದರೆ ಆಗುವುದಿಲ್ಲವೆಂದು ಗೊತ್ತಿತ್ತು. "ಸೋಮವಾರ ಬರಲ್ಲ ಕಣಣ್ಣ. ನಾನು ಸೈನ್ ಹಾಕಲ್ಲ. ನನ್ನ ಪಾಲು ನಂಗೆ ಬೇಕು."

ಅವನು ಕೇಳಿದ್ದು ಒಂದೇ. "ಮಡ್ಲಕ್ಕಿ ಇಸ್ಕೊಂಡೋಗಿ ಹಿಂಗಂತೀಯಾ?"

ಸಾಕೆಂದು ಭಾನುಪ್ರಿಯ ಹುಡುಗಿಗೆ ತಲೆಯಾಡಿಸಿದಳು. ಹುಡುಗಿ ಫೋನನ್ನು ಬ್ಯಾಗಿಗೆ ಹಾಕಿ ಕಿಟಕಿಯ ಕಡೆ ತಿರುಗಿಕೊಂಡಳು.

ಅಳು ಬರಬಹುದೆಂದು ಭಾನುಪ್ರಿಯ ಕಾದಳು. ಬರಲಿಲ್ಲ. ಮನೆಗೆ ಹೋದೊಡನೆ ಈ ಅಕ್ಕಿಯಲ್ಲಿ ಒಂದು ಹಿಡಿ ಪಾಯಸಕ್ಕೆ ಹಾಕಬೇಕು. ಉಳಿದದ್ದನ್ನು ಡಬ್ಬಿಯಲ್ಲಿ ಬೇರೆಯಾಗಿಟ್ಟು ಮಿತವಾಗಿ ಬಳಸಬೇಕು, ಇನ್ನು ಆ ಮನೆಯಿಂದ ಬರುವುದಿಲ್ಲ. ಬೆರಳುಗಳು ಜೋಮು ಹಿಡಿದು ಯಾವಾಗಲೋ ಮರಗಟ್ಟಿದ್ದವು. ಸೆರಗು ಕೈಯಲ್ಲಿದೆಯೋ ಇಲ್ಲವೋ ತಿಳಿಯದೆ ಅವಳು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದಳು.